ಪೊರಕೆಯ ತಾಳ, ತಮಟೆಯ ತಾಳ

ಮಾತೇ ಇಲ್ಲದ ಆಟ ಪರಊರಲ್ಲಿರೋರಿಗೆ ಹೇಳಿ ಮಾಡಿಸಿದ್ದು ಅಂತ ನಮ್ಮ ಮುಂಬೈ ಕನ್ನಡಿಗ ಗೆಳೆಯರು ಹೇಳೋದುಂಟು. ಮನೆಯಲ್ಲಿ ಕನ್ನಡ, ಲಿಫ್ಟಿನಲ್ಲಿ ಹಿಂದಿ, ತರಕಾರಿ ಗಾಡಿಯ ಹತ್ತಿರ ಮರಾಠಿ, ಆಫೀಸಿನಲ್ಲಿ ಇಂಗ್ಲಿಷು. ದಿನವಿಡೀ ನಾಲಿಗೆ ಹೊರಳಿಸಿ ಸುಸ್ತಾದವರಿಗೆ ಬರೀ ತಾಳ ಕೇಳುವುದೇ ಒಂದು ರಜೆ. ಆಫೀಸಿನ ಕೆಲಸಕ್ಕೆಂದು ಲಂಡನ್ನಿಗೆ ಹೋಗಿದ್ದಾಗ ಅಂಬಾಸಡರ್ಸ್ ಥಿಯೇಟರಿನಲ್ಲಿ ನಾನು ನೋಡಿದ 'ಸ್ಟಾಂಪ್' ಅಂಥದ್ದೊಂದು ಆಟ.

ಲ್ಯೂಕ್ ಕ್ರೆಸ್‌ವೆಲ್, ಸ್ಟೀವ್ ಮೆಕ್‌ನಿಕೋಲಸ್ ಎಂಬಿಬ್ಬರು 1991ರಲ್ಲಿ ಬ್ರೈಟನ್‌ನಲ್ಲಿ ಕಟ್ಟಿದ ಪ್ರದರ್ಶನ ಇದು. ಇಬ್ಬರೂ ಬೀದಿ ಬ್ಯಾಂಡಿನಿಂದ ಬಂದವರು. ಆಟ ದೇಶದೇಶ ಸುತ್ತಿತು. ನ್ಯೂಯಾರ್ಕಿನ ಆರ್ಫಿಯಂ ಥಿಯೇಟರಿನಲ್ಲಿ 1994ರಿಂದ 2023ರ ಜನವರಿವರೆಗೆ, ಲಂಡನ್ನಿನಲ್ಲಿ 2002ರಿಂದ 2018ರವರೆಗೆ ನಡೆಯಿತು. ರಂಗದ ಮೇಲೆ ಎಂಟೇ ಜನ. ಒಬ್ಬ ಬಂದು ಕಸ ಗುಡಿಸುತ್ತಾನೆ. ಪೊರಕೆಯ ಸರಸರ ಸದ್ದೇ ತಾಳವಾಗುತ್ತೆ, ಒಬ್ಬೊಬ್ಬರಾಗಿ ಉಳಿದವರು ಸೇರಿಕೊಳ್ತಾರೆ. ಆಮೇಲೆ ಬೆಂಕಿಪೊಟ್ಟಣ, ಲೈಟರು, ಕತ್ತಿಗೆ ನೇತುಹಾಕಿಕೊಂಡ ಸಿಂಕು, ಕಸದ ಡಬ್ಬಿಯ ಮುಚ್ಚಳ.

ಇದರಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬೆಂಕಿಪೊಟ್ಟಣದ ಆಟ. ಅಷ್ಟು ಸಣ್ಣ ಸದ್ದು ಕೇಳಲಿಕ್ಕೆ ಇಡೀ ಸಭಾಂಗಣ ಉಸಿರು ಬಿಗಿಹಿಡಿದಿತ್ತು. ಡಬ್ಬಿಗಳ ಅಬ್ಬರ ಶುರುವಾದ ಮೇಲೆ ಮಾತ್ರ ಕಲ್ಪನೆಗಿಂತ ತೋಳ್ಬಲವೇ ಹೆಚ್ಚಾಯ್ತು ಅನ್ನಿಸಿತು. ಜನ ಚಪ್ಪಾಳೆ ಹೊಡೆದದ್ದು ಅದಕ್ಕೇ ಜಾಸ್ತಿ, ಅದು ಬೇರೆ ವಿಷಯ.

ಆದರೆ ಮಾತಿಲ್ಲದ ಆಟ ಎಲ್ಲರಿಗೂ ಒಂದೇ ಥರ ಅರ್ಥವಾಗುತ್ತೆ ಅನ್ನೋದು ಅರ್ಧ ಸತ್ಯ. ಲಂಡನ್ನಿನ ಪ್ರೇಕ್ಷಕರಿಗೆ ಪೊರಕೆ ಬರೀ ಪೊರಕೆ. ನಮಗೆ? ಮುಂಬೈನಲ್ಲಿ ಬೆಳಗಿನ ಜಾವ ಬೀದಿಯಿಂದ ಕೇಳಿಬರುವ ಸರಸರ ಸದ್ದು ಯಾರ ಕೈಯದು, ಆ ಕೆಲಸ ಯಾವ ಜಾತಿಯವರ ಪಾಲಿಗೆ ಬಂತು ಅನ್ನೋದು ಗೊತ್ತಿದ್ದವರಿಗೆ ಪೊರಕೆ ಅಷ್ಟು ಹಗುರವಾಗಿ ಕುಣಿಯುವುದಿಲ್ಲ. 'ಸ್ಟಾಂಪ್'ನ ಕಲಾವಿದರು ಹಾಕೋದು ಕೂಲಿಯವನ ಬೂಟು, ಬನಿಯನ್ನು. ಕೆಲಸದ ಸಾಮಾನಿಗೆ ಅದು ಸೊಗಸು ಕೊಟ್ಟಿದೆ, ಕೆಲಸದವನ ಕಥೆಯನ್ನು ಹೇಳಿಲ್ಲ. ಈ ಆಟದ ಮಿತಿ ಇದೇ ಅಂತ ನನಗೆ ತೋರುತ್ತದೆ.

ನಮ್ಮ ತಮಟೆಯ ಪಾಡನ್ನೂ ಇದರ ಪಕ್ಕದಲ್ಲಿಟ್ಟು ನೋಡಿ. ಡಂಗುರಕ್ಕೆ, ಜಾತ್ರೆಗೆ, ಸಾವಿಗೆ ಅದು ಬೇಕು. ಬಾರಿಸೋರು ಮಾತ್ರ ದೇವಸ್ಥಾನದ ಹೊರಗೇ ನಿಲ್ಲಬೇಕಿತ್ತು. ಅದೇ ತಮಟೆ ಪರಊರಿನ ಕನ್ನಡ ವೇದಿಕೆ ಹತ್ತಿದಾಗ 'ನಮ್ಮ ಜಾನಪದ' ಆಗಿಬಿಡುತ್ತೆ, ಕೂತವರ ಕಣ್ಣು ಒದ್ದೆಯಾಗುತ್ತೆ. ದೂರದಿಂದ ಕೇಳಿದರೆ ಊರಿನ ತಾಳ ಇಂಪೇ. ದೂರ ಅನ್ನೋದು ಸದ್ದನ್ನು ಉಳಿಸಿಕೊಂಡು ಕೈಯನ್ನು ಮರೆಸುತ್ತದೆ.

2023ರಲ್ಲಿ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ತಮಟೆಯ ಜೊತೆ ಒಂದು ಹೆಸರೂ ದೇಶಕ್ಕೆ ಕೇಳಿಸಿತಲ್ಲ, ಆ ಸುದ್ದಿಯಲ್ಲಿ ನನಗೆ ದೊಡ್ಡದೆನಿಸಿದ್ದು ಅದು. ಊರಲ್ಲಿರುವ ನೀವು ತಮಟೆಯ ಹತ್ತಿರದಲ್ಲೇ ಇದ್ದೀರಿ. ಮುಂದಿನ ಜಾತ್ರೆಯಲ್ಲಿ ಬಾರಿಸುವವರ ಹೆಸರನ್ನೊಮ್ಮೆ ಕೇಳಿ. ಆಮೇಲೆ ತಾಳ ಹೇಗೆ ಕೇಳಿಸುತ್ತೆ, ನೋಡಿ.