ಕೇದಾರದ ಹೊಸ ಏರುದಾರಿ

ಕೇದಾರನಾಥಕ್ಕೆ ಈಗ ನಡೆದು ಹೋಗುವವರಲ್ಲಿ ಬಹಳ ಜನಕ್ಕೆ ತಾವು ತುಳಿಯುತ್ತಿರುವ ಅರ್ಧ ದಾರಿ 2013ರವರೆಗೆ ಇರಲೇ ಇಲ್ಲ ಎಂಬುದು ಗೊತ್ತಿರುವುದಿಲ್ಲ. ಗೌರಿಕುಂಡದಿಂದ ಜಂಗಲ್ ಚಟ್ಟಿ, ಭೀಮಬಲಿಯವರೆಗೆ ಹೆಚ್ಚುಕಡಿಮೆ ಹಳೆಯದೇ ಜಾಡು. ರಾಮಬಾಡಾದ ಹತ್ತಿರ ದಾರಿ ಸೇತುವೆಯ ಮೇಲೆ ಮಂದಾಕಿನಿ ಹೊಳೆಯನ್ನು ದಾಟಿ ಎದುರು ದಂಡೆಗೆ ಸರಿಯುತ್ತದೆ. ಅಲ್ಲಿಂದ ಲಿಂಚೋಲಿಗೆ ಮಂಡಿ ನಡುಗಿಸುವ ಏರು. ಮೊದಲು ದಾರಿ ಗರುಡ ಚಟ್ಟಿಯ ಕಡೆಯಿಂದ ಹೋಗುತ್ತಿತ್ತು. 2013ರ ಜೂನ್ 17ರ ಬೆಳಿಗ್ಗೆ ಕೇದಾರದ ಮೇಲಿನ ಚೋರಾಬಾರಿ ಸರೋವರ ಒಡೆದು ಇಳಿದ ನೀರು, ಕೆಸರು, ಬಂಡೆಗಳು ರಾಮಬಾಡಾ ಎಂಬ ಊರನ್ನೇ ಒರೆಸಿ ಹಾಕಿದವು. ಯಾತ್ರಿಕರು ಚಹಾ ಕುಡಿದು ಕಾಲು ಚಾಚುತ್ತಿದ್ದ ಜಾಗದಲ್ಲಿ ಈಗ ಕಾಣುವುದು ಕಲ್ಲಿನ ರಾಶಿ.

ಮುಂದಿನ ವರ್ಷದ ಯಾತ್ರೆಯೊಳಗೆ ದಾರಿ ಬೇಕಿತ್ತು. ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ತಂಡ ಕರ್ನಲ್ ಅಜಯ್ ಕೋಠಿಯಾಲ್ ಅವರ ಮುಂದಾಳತ್ವದಲ್ಲಿ ಆ ಚಳಿಯಲ್ಲೇ ಕೆಲಸಕ್ಕಿಳಿದು, 2014ರಲ್ಲಿ ಜನ ನಡೆಯುವಂತೆ ಮಾಡಿತು. ಹೊಳೆಯ ಮಗ್ಗುಲಲ್ಲೇ ಹೋಗುತ್ತಿದ್ದ ದಾರಿಯನ್ನು ಎದುರು ಗುಡ್ಡಕ್ಕೆ ಏರಿಸಿದ್ದು ಅಂದಿನ ಸ್ಥಿತಿಯಲ್ಲಿ ಸರಿಯಾದ ನಿರ್ಧಾರ. ಅದರ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು ತುರ್ತಿಗೆ ಕಟ್ಟಿದ್ದನ್ನು ಶಾಶ್ವತ ಪರಿಹಾರವೆಂದು ನಂಬಿ ಕೂತದ್ದರ ಬಗ್ಗೆ.

ಹೊಳೆಯಿಂದ ದೂರವಾದ ದಾರಿ ಹಿಮಕ್ಕೆ ಹತ್ತಿರವಾಯಿತು. ಲಿಂಚೋಲಿಯ ಆಚೀಚೆ ದಾರಿ ಹಿಮಪಾತದ ಕೊರಕಲುಗಳಿಗೆ ಅಡ್ಡಲಾಗಿ ಹಾಯುತ್ತದೆ. ಸ್ಥಳೀಯರು ಅವನ್ನು ಭೈರವ ಗ್ಲೇಸಿಯರ್, ಕುಬೇರ ಗ್ಲೇಸಿಯರ್ ಎಂದು ಕರೆಯುತ್ತಾರೆ. ದೇಗುಲದ ಬಾಗಿಲು ತೆರೆಯುವ ಮುನ್ನ ಕೂಲಿಗಳು ಅಲ್ಲಿ ಸಲಿಕೆ ಹಿಡಿದು ಹಿಮವನ್ನು ಕಡಿದು ದಾರಿ ಬಿಡಿಸಬೇಕು. ಮಳೆಗಾಲದ ಕತೆ ಬೇರೆ. 2024ರ ಜುಲೈ 31ರ ರಾತ್ರಿಯ ಮೇಘಸ್ಫೋಟಕ್ಕೆ ದಾರಿ ಹಲವೆಡೆ ಕೊಚ್ಚಿಹೋಗಿ ಸಾವಿರಾರು ಜನ ನಡುವೆ ಸಿಕ್ಕಿಬಿದ್ದರು. ಹೆಲಿಕಾಪ್ಟರ್ ತಂದು, ಕಾಡಿನ ಜಾಡು ಹಿಡಿಸಿ ಅವರನ್ನು ಇಳಿಸಬೇಕಾಯಿತು. ಇದಕ್ಕೆ ದಾರಿ ಕಟ್ಟಿದವರನ್ನು ದೂರಿದರೆ ಅನ್ಯಾಯವಾದೀತು, ಆ ಕಣಿವೆಯಲ್ಲಿ ಅಪಾಯವೇ ಇಲ್ಲದ ದಂಡೆ ಯಾವುದಿದೆ? ಆದರೆ ಒಂದೇ ದಾರಿ ಇದ್ದು ಅದು ಕಡಿದರೆ ಮೇಲಿದ್ದವರಿಗೆ ಇಳಿಯಲು ಮತ್ತೊಂದಿಲ್ಲ ಎಂಬುದು ಗುಡ್ಡ ಮಾಡಿದ ತಪ್ಪಲ್ಲ.

ಏರಿನ ಲೆಕ್ಕಕ್ಕೆ ಬರೋಣ. ಮೊದಲು 14 ಕಿಲೋಮೀಟರ್ ಇದ್ದದ್ದು ಈಗ 16 ಎನ್ನುತ್ತಾರೆ. ನಡೆದವರ ಕಾಲು ಇನ್ನೂ ಹೆಚ್ಚು ಹೇಳುತ್ತದೆ. ಒಟ್ಟು ಏರು ಸುಮಾರು 1,600 ಮೀಟರ್. ಅದರ ಕಷ್ಟದ ಪಾಲು ರಾಮಬಾಡಾ ದಾಟಿದ ಮೇಲೆಯೇ, ಅಂದರೆ ಕಾಲು ಸೋತು ಗಾಳಿ ತೆಳುವಾಗುವ ಹೊತ್ತಿಗೇ ಎದುರಾಗುತ್ತದೆ. ಹಿಂದೆ ಋಷಿಕೇಶದಿಂದಲೇ ನಡೆದು ಬರುತ್ತಿದ್ದ ಕಾಲದಲ್ಲಿ ದಾರಿಯನ್ನು ಅಳೆಯುತ್ತಿದ್ದದ್ದು ಚಟ್ಟಿಗಳಿಂದ, ಅಂದರೆ ದಾರಿಬದಿಯ ತಂಗುದಾಣಗಳಿಂದ. ಅಂಗಡಿಯಲ್ಲಿ ಅಕ್ಕಿ ಬೇಳೆ ಕೊಂಡು, ಅಲ್ಲೇ ಬೇಯಿಸಿ, ಅಲ್ಲೇ ಮಲಗುವುದು. ದೇಹ ಎತ್ತರಕ್ಕೆ ಒಗ್ಗಿಕೊಳ್ಳುತ್ತಿದ್ದದ್ದೂ ಆ ನಿಧಾನದಲ್ಲೇ. ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗುವ ಬಾಗಲಕೋಟೆ, ವಿಜಯಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾದಿಯುದ್ದಕ್ಕೂ ದಾಸೋಹ, ಮಜ್ಜಿಗೆ, ಕಾಲಿಗೆ ಎಣ್ಣೆ ತಿಕ್ಕುವ ಕೈಗಳು ಇಲ್ಲದಿದ್ದರೆ ಆ ಪಾದಯಾತ್ರೆ ಸಾಗದು. ವೀರಶೈವರ ಪಂಚಪೀಠಗಳಲ್ಲಿ ಕೇದಾರವೂ ಒಂದಾದ್ದರಿಂದ, ಕೇದಾರದ ಪ್ರಧಾನ ಅರ್ಚಕರಾದ ಊಖೀಮಠದ ರಾವಲರ ಪರಂಪರೆಗೂ ಕರ್ನಾಟಕದ ವೀರಶೈವರಿಗೂ ನಂಟಿರುವುದರಿಂದ, ನಮ್ಮವರು ಅಲ್ಲಿಗೆ ಹೋಗುವುದು ಹೊಸತೇನಲ್ಲ. ಹೊಸತೆಂದರೆ ಪ್ಯಾಕೇಜ್ ಬಸ್ಸಿನಲ್ಲಿ ಬಂದು, ಬೆಳಿಗ್ಗೆ ಗೌರಿಕುಂಡ ಬಿಟ್ಟು, ಸಂಜೆಯೊಳಗೆ ಮೂರೂವರೆ ಸಾವಿರ ಮೀಟರ್ ಮುಟ್ಟಲೇಬೇಕೆಂಬ ಧಾವಂತ. ಈಗಿನ ದಾರಿ ಆ ಧಾವಂತಕ್ಕೆ ತಕ್ಕಂತೆಯೇ ಇದೆ. ಲಿಂಚೋಲಿಯಲ್ಲಿ ಡೇರೆಗಳೂ ಅಲ್ಲಲ್ಲಿ ಮ್ಯಾಗಿ, ಚಹಾದ ಅಂಗಡಿಗಳೂ ಇವೆ. ಆದರೆ ಅಲ್ಲಿ ಒಂದು ರಾತ್ರಿ ತಂಗಿ ಹೋಗಿ ಎಂದು ಯಾರೂ ಹೇಳುವುದಿಲ್ಲ.

ಇನ್ನು ಹೇಸರಗತ್ತೆಗಳು. ಅವುಗಳದ್ದೇನೂ ತಪ್ಪಿಲ್ಲ. ಮಳೆ ನಿಂತ ಮೇಲೆ ಆ ಕಲ್ಲುಹಾಸನ್ನು ಒಮ್ಮೆ ನೋಡಬೇಕು: ಲದ್ದಿ, ಗಂಜಲ, ಕೆಸರು ಕಲಸಿ ಕಲ್ಲಿನ ಮೇಲೆ ಹಸಿರುಗಪ್ಪು ಲೇಪ, ಅದರ ಮೇಲೆ ಲಾಳ ಜಾರಿದ ಉದ್ದುದ್ದ ಗೀರು. ಹಿಂದಿನಿಂದ ಗಂಟೆ ಸದ್ದು, 'ಸೈಡ್, ಸೈಡ್' ಎಂಬ ಕೂಗು. ಹೊಸಬರು ಗಾಬರಿಯಲ್ಲಿ ಸರಿಯುವುದು ಕಂಬಿಯ ಕಡೆಗೆ, ಅಂದರೆ ಕಮರಿಯ ಕಡೆಗೆ. ಸರಿಯಬೇಕಾದದ್ದು ಗುಡ್ಡದ ಕಡೆಗೆ, ಆದರೆ ಅಲ್ಲಿ ಬೆನ್ನಬುಟ್ಟಿಯಲ್ಲಿ ಅಜ್ಜಿಯನ್ನು ಹೊತ್ತ ಕಂಡಿಯವನು ಉಸಿರು ಬಿಡುತ್ತಾ ನಿಂತಿರುತ್ತಾನೆ. ಮೇಲಿನಿಂದ ನಾಲ್ವರು ಹೊತ್ತ ದಂಡಿ ಎಂಬ ಡೋಲಿ ಇಳಿಯುತ್ತಿರುತ್ತದೆ. 2023ರಲ್ಲಿ 19 ಲಕ್ಷಕ್ಕೂ ಹೆಚ್ಚು ಜನ ದರ್ಶನ ಮಾಡಿದರು. ಅವರಲ್ಲಿ ಹೆಲಿಕಾಪ್ಟರ್ ಹತ್ತಿದವರನ್ನು ಬಿಟ್ಟರೆ ಉಳಿದವರೆಲ್ಲ, ಕಾಲಾಗಲಿ ಗೊರಸಾಗಲಿ, ಹೋಗಿಬಂದದ್ದು ಇದೇ ದಾರಿಯಲ್ಲಿ. ನದಿಯಿಂದ ಉಳಿಸಲೆಂದು ಕಟ್ಟಿದ ದಾರಿಯಲ್ಲಿ ನಡೆಯುವವನು ದಿನವಿಡೀ ಹೆದರುವುದು ಗೊರಸಿಗೆ.

ಇದಕ್ಕೆ ಮದ್ದಿಲ್ಲ ಎನ್ನುವಂತಿಲ್ಲ. ವೈಷ್ಣೋದೇವಿಯಲ್ಲಿ 2018ರ ಮೇನಲ್ಲಿ ತಾರಾಕೋಟ್ ಮಾರ್ಗ ತೆರೆದರು. ಏಳು ಕಿಲೋಮೀಟರಿನ ಆ ದಾರಿ ಹಳೆಯದಕ್ಕಿಂತ ಅಗಲ, ಏರು ಕಡಿಮೆ, ಕುದುರೆಗಳಿಗೆ ಪ್ರವೇಶವಿಲ್ಲ. ಅಲ್ಲಿ ಪರ್ಯಾಯ ದಾರಿ ಮಾಡುವಾಗ ನಡೆಯುವವನನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ಕೇದಾರದಲ್ಲಿ ಮಾಡುವಾಗ ಅಷ್ಟು ಪುರುಸೊತ್ತಿರಲಿಲ್ಲ, ಒಪ್ಪೋಣ. ಆಮೇಲೆ ಕಳೆದ ವರ್ಷಗಳಿಗೂ ಅದೇ ನೆಪ ಹೇಳಲಾಗದು.

2025ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟ ಸೋನಪ್ರಯಾಗದಿಂದ ಕೇದಾರಕ್ಕೆ 12.9 ಕಿಲೋಮೀಟರಿನ ರೋಪ್‌ವೇಗೆ ಒಪ್ಪಿಗೆ ಕೊಟ್ಟಿತು. ಖರ್ಚು 4,081 ಕೋಟಿ ರೂಪಾಯಿ, ಪಯಣ 36 ನಿಮಿಷ. ವಯಸ್ಸಾದವರಿಗೆ ಅನುಕೂಲ, ಹೇಸರಗತ್ತೆಗಳಿಗೂ ಬಿಡುವು ಸಿಕ್ಕೀತು. ಆದರೆ ಅರ್ಧ ಗಂಟೆಯಲ್ಲಿ ಅಷ್ಟು ಎತ್ತರಕ್ಕೆ ಏರಿಸಿದ ಎದೆಗಳ ಗತಿಯೇನು? ಮೇಲಿನ ಆ ಇಕ್ಕಟ್ಟಿನ ಬಯಲಿಗೆ ಇನ್ನೆಷ್ಟು ಜನ ಹಿಡಿಸುತ್ತಾರೆ?

ನನ್ನ ಆಸೆ ಇರುವುದು ಇದಕ್ಕಿಂತ ಅಗ್ಗದ ಕೆಲಸದ ಮೇಲೆ. ರಾಮಬಾಡಾದಿಂದ ಗರುಡ ಚಟ್ಟಿಯ ಮೂಲಕ ಹೋಗುತ್ತಿದ್ದ ಹಳೆಯ ದಾರಿಯನ್ನು ಮತ್ತೆ ಕಟ್ಟಲು ಕೈಹಾಕಿದ್ದಾರೆ. ಗರುಡ ಚಟ್ಟಿಯನ್ನು ಕೇದಾರಕ್ಕೆ ಜೋಡಿಸುವ ಸೇತುವೆಯೂ ಎದ್ದಿದೆ. ಅದು ಪೂರ್ತಿಯಾದರೆ ರಾಮಬಾಡಾದಿಂದ ಮೇಲಕ್ಕೆ ಎರಡು ದಂಡೆಗೆ ಎರಡು ದಾರಿ. ಒಂದು ಕಡಿದರೆ ಇನ್ನೊಂದರಲ್ಲಿ ಇಳಿಯಬಹುದು, ಜನ ಮತ್ತು ಪ್ರಾಣಿಗಳನ್ನು ಬೇರೆ ಮಾಡಬಹುದು. ನನ್ನನ್ನು ಕೇಳಿದರೆ ಗರುಡ ಚಟ್ಟಿಯ ಕಡೆಯದನ್ನು ಕಾಲ್ನಡಿಗೆಯವರಿಗಷ್ಟೇ ಬಿಟ್ಟು, ಮಳೆ ಜೋರಾದ ದಿನ ಹೊಳೆಬದಿಯ ಆ ದಾರಿಯನ್ನು ಮುಲಾಜಿಲ್ಲದೆ ಮುಚ್ಚಬೇಕು. ತೆರೆದ ದಿನವೇ ಅದರ ಮೇಲೂ ಹೇಸರಗತ್ತೆಗಳನ್ನು ಬಿಟ್ಟರೆ, ಒಂದು ದಾರಿಯ ರಗಳೆ ಎರಡು ದಂಡೆಗೂ ಹರಡುತ್ತದೆ, ಅಷ್ಟೆ.