ಸೈರಂಧ್ರಿಗೆ ಕುಣಿತ ಕೊಡಿ

ಹಾನಗಲ್ಲನ್ನು ವಿರಾಟನಗರ ಎಂದು ಕರೆಯುವ ರೂಢಿ ಹಳೆಯದು. ಪಾಂಡವರ ಅಜ್ಞಾತವಾಸ, ಕೀಚಕನ ವಧೆ ಇಲ್ಲಿಯೇ ನಡೆದವೆಂಬುದು ಊರವರ ನಂಬಿಕೆ. ಹೀಗಾಗಿ ಈ ಸೀಮೆಯಲ್ಲಿ ಅಟ್ಟ ಕಟ್ಟಿ ವಿರಾಟಪರ್ವದ ದೊಡ್ಡಾಟ ಆಡಿದರೆ ಅದು ಪುರಾಣ ಮಾತ್ರವಲ್ಲ, ತಮ್ಮೂರಿನ ಕಥೆಯೂ ಹೌದು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳನ್ನೊಳಗೊಂಡ ಹಾವೇರಿ ಸೀಮೆಯ ದೊಡ್ಡಾಟದ ಮಾಸ್ತರರು ಮಹಾಕಾವ್ಯವನ್ನು ಕುಣಿತಕ್ಕೆ ಇಳಿಸುವ ಕೆಲಸವನ್ನು ತಲೆಮಾರುಗಳಿಂದ ಮಾಡುತ್ತ ಬಂದಿದ್ದಾರೆ. ಅದನ್ನು ರೂಪಾಂತರದ ಕಲೆಯೆಂದು ನಾವು ಒರೆಗೆ ಹಚ್ಚಿದ್ದು ಕಡಿಮೆ.

ರಷ್ಯದ ಕಾದಂಬರಿಗಳು ಬ್ಯಾಲೆಯಾದ ಬಗೆಯನ್ನು ಪಕ್ಕದಲ್ಲಿಟ್ಟು ನೋಡೋಣ. ಪುಷ್ಕಿನ್ ಪದ್ಯದಲ್ಲಿ ಬರೆದ ‘ಯೆವ್ಗೆನಿ ಒನೇಗಿನ್’ ಕಾದಂಬರಿಯನ್ನು ಜಾನ್ ಕ್ರಾಂಕೊ 1965ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಬ್ಯಾಲೆ ಮಾಡಿದರು. ನಾಯಕಿ ತತ್ಯಾನಾ ಒನೇಗಿನ್‌ನಿಗೆ ಬರೆಯುವ ಪ್ರೇಮಪತ್ರ ಕಾದಂಬರಿಯ ಜೀವ. ಮಾತಿಲ್ಲದ ರಂಗದಲ್ಲಿ ಪತ್ರ ಓದುವವರಾರು? ಕ್ರಾಂಕೊ ಕನ್ನಡಿಯೊಳಗಿಂದ ಒನೇಗಿನ್‌ನನ್ನು ಹೊರಗೆ ಕರೆದು ಅವಳೊಡನೆ ಕುಣಿಸಿದರು. ಪತ್ರದ ಬದಲು ಅದನ್ನು ಬರೆಸಿದ ಕನಸು ಕಣ್ಣಿಗೆ ಕಂಡಿತು. ಟಾಲ್‌ಸ್ಟಾಯ್ ಕಾದಂಬರಿಯಿಂದ ಕಟ್ಟಿದ 2005ರ ‘ಅನ್ನಾ ಕರೆನಿನಾ’ ಬ್ಯಾಲೆಯಲ್ಲಿ ಬೋರಿಸ್ ಐಫ್‌ಮನ್ ಇನ್ನೊಬ್ಬ ನಾಯಕ ಲೆವಿನ್ನನ ಕಥೆಯನ್ನೇ ಕೈಬಿಟ್ಟು ಅನ್ನಾ, ಗಂಡ, ಪ್ರಿಯಕರನ ಸುತ್ತಲೇ ಕಥೆ ಕಟ್ಟಿದರು. ಸಂಕಟ ಹರಿತವಾಯಿತು. ಆದರೆ ರೈತರ ಜೊತೆ ಹುಲ್ಲು ಕೊಯ್ಯುವ ಲೆವಿನ್ ಇಲ್ಲದೆ ಟಾಲ್‌ಸ್ಟಾಯ್ ಕಂಡ ಬದುಕಿನ ಅಗಲ ಕಿರಿದಾಯಿತು.

ಆಯ್ಕೆಯ ಈ ವಿದ್ಯೆ ದೊಡ್ಡಾಟಕ್ಕೆ ಹೊಸದಲ್ಲ. ಅದು ಇಡೀ ಮಹಾಭಾರತವನ್ನು ಆಡಹೋಗುವುದಿಲ್ಲ, ಒಂದು ಪ್ರಸಂಗವನ್ನು ಹಿಡಿದು ಬೆಳಗಿನವರೆಗೆ ಬೆಳೆಸುತ್ತದೆ. ಪಾತ್ರ ಅಟ್ಟಕ್ಕೆ ಬಂದೊಡನೆ ಸಾರಥಿ ತಡೆದು ‘ತಾವು ಯಾರು’ ಎಂದು ಕೇಳುತ್ತಾನೆ. ಪಾತ್ರ ತನ್ನ ಕುಲ, ಬಲ, ಬಿರುದು ಸಾರಿಕೊಳ್ಳುತ್ತದೆ. ಕಿರೀಟ, ಭುಜಕೀರ್ತಿಗಳ ಭಾರಕ್ಕೆ ತಕ್ಕಂತೆ ಹೆಜ್ಜೆಯೂ ತೂಕದ್ದು, ಹಲಗೆ ಅದುರುವಂಥದ್ದು. ಕೀಚಕನ ಮದಕ್ಕೂ ಭೀಮನ ರೋಷಕ್ಕೂ ಇದಕ್ಕಿಂತ ಒಪ್ಪುವ ವ್ಯಾಕರಣ ಸಿಗಲಾರದು.

ಆದರೆ ವಿರಾಟನ ಅರಮನೆಯಲ್ಲಿ ಸೈರಂಧ್ರಿಯಾಗಿ ಅಡಗಿದ ದ್ರೌಪದಿಗೆ? ಅವಳು ಹೆಸರು ಮುಚ್ಚಿಟ್ಟುಕೊಂಡವಳು. ಸಾರಥಿಯ ಪ್ರಶ್ನೆಗೆ ನಿಜ ಹೇಳಿದರೆ ಪಾಂಡವರೈವರ ಅಜ್ಞಾತವಾಸದ ವ್ರತವೇ ಮುರಿಯುತ್ತದೆ. ತುಂಬಿದ ಸಭೆಯಲ್ಲಿ ಕೀಚಕನಿಂದ ಒದೆಸಿಕೊಂಡೂ ತಾನು ಯಾರೆಂದು ಹೇಳಲಾರದ ಅವಳ ಒಳಗುದಿ, ಕಾದಂಬರಿಕಾರರು ನೂರಾರು ಪುಟ ತೋಡಿ ತೆಗೆಯುವ ಒಳಗುದಿಯೇ. ದೊಡ್ಡಾಟ ಅದನ್ನು ಭಾಗವತರ ಪದಕ್ಕೆ ಒಪ್ಪಿಸಿ ಸುಮ್ಮನಾಗುತ್ತದೆ. ಕುಣಿತ ಗಂಡಿಗೆ, ಅಳು ಹೆಣ್ಣಿಗೆ ಎಂಬ ಈ ಪಾಲು ಪರಂಪರೆಯ ದೊಡ್ಡ ಕೊರತೆ.

ಬೈಲಹೊಂಗಲದ ಘಟನೆಯಿಂದ ಹುಟ್ಟಿದ ‘ಸಂಗ್ಯಾಬಾಳ್ಯಾ’ ಸಣ್ಣಾಟ ಅನ್ನಾಳ ಕಥೆಗೆ ಇನ್ನಷ್ಟು ಹತ್ತಿರ. ಗಂಡನುಳ್ಳ ಗಂಗಿ, ಅವಳಿಗೆ ಮನಸೋತ ಸಂಗ್ಯಾ, ದ್ರೋಹ ಬಗೆದ ಗೆಳೆಯ ಬಾಳ್ಯಾ, ಕೊನೆಗೆ ಕೊಲೆ. ಕಿರೀಟವಿಲ್ಲದ ಜನರ ಸಂಕಟವನ್ನು ನಮ್ಮ ಬಯಲು ರಂಗ ಆಡಬಲ್ಲದೆಂಬುದಕ್ಕೆ ಇದೇ ಸಾಕ್ಷಿ. ಅಲ್ಲಿಯೂ ಕಥೆ ಗೆಳೆಯರಿಬ್ಬರ ಹೆಸರಿನಲ್ಲಿದೆ, ಗಂಗಿಯ ಹೆಸರಿನಲ್ಲಿಲ್ಲ.

ಇಂದು ಉತ್ಸವದ ವೇದಿಕೆಗೆಂದು ರಾತ್ರಿಯ ಆಟವನ್ನು ಒಂದು ತಾಸಿಗೆ ಇಳಿಸುವಾಗ ವೇಷದ ಬೆಡಗು ಉಳಿದು ಪದ, ವಚನ ಹರಿದುಹೋಗುತ್ತವೆ. ಕತ್ತರಿಸುವುದು ಬೇರೆ, ಆಯ್ದುಕೊಳ್ಳುವುದು ಬೇರೆ. ಆಯ್ದುಕೊಳ್ಳುವವರಿಗೆ ಏನನ್ನು ಉಳಿಸಬೇಕೆಂಬುದು ಮೊದಲು ಗೊತ್ತಿರಬೇಕು.

ಹೀಗೆ ಆಯ್ದು ಕಟ್ಟುವ ಕೆಲಸಕ್ಕೆ ಬೇಕಾದ ನೆಲೆ ಇಲ್ಲಿಯೇ ಇದೆ. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಹುಟ್ಟಿದ ಜಾನಪದ ವಿಶ್ವವಿದ್ಯಾಲಯವಿದೆ. ಅದೇ ಊರಿನಲ್ಲಿ ರಾಕ್ ಗಾರ್ಡನ್ ಕಟ್ಟಿದ ದಿವಂಗತ ಕಲಾವಿದ ಟಿ.ಬಿ. ಸೊಲಬಕ್ಕನವರ ದೊಡ್ಡಾಟದ ಮರುಹುಟ್ಟಿಗೂ ದುಡಿದಿದ್ದರು. ಹಾನಗಲ್ಲ ತಾಲ್ಲೂಕಿನ ಶೇಷಗಿರಿಯಂಥ ಹಳ್ಳಿ ನಾಟಕವನ್ನೇ ಊರಿನ ಗುರುತಾಗಿಸಿಕೊಂಡಿದೆ. ಈ ನೆಲೆಗಳ ಕಲಾವಿದರೆಲ್ಲ ಕೂಡಿ ಮೊದಲು ಸೈರಂಧ್ರಿಯ ಆ ಒಳಗುದಿಯನ್ನು ಕುಣಿತದಲ್ಲಿ ಕಟ್ಟಲಿ. ಸಾರಥಿ ‘ತಾವು ಯಾರು’ ಎಂದು ಕೇಳಲಿ, ಅವಳ ಹೆಜ್ಜೆ ಉತ್ತರ ಕೊಡಲಿ. ಅದು ಸಾಧ್ಯವಾದ ದಿನ ಅನ್ನಾ ಕರೆನಿನಾಳೂ ನಮ್ಮ ಅಟ್ಟಕ್ಕೆ ಪರಕೀಯಳಾಗಿ ಬರುವುದಿಲ್ಲ.