ಕಿವಿಗೊಟ್ಟು ಓಡಿಸಬೇಕಾದ ಗಾಡಿ: ಹಳೆಯ ಜಾವಾ–ಯೆಜ್ಡಿಯ ಹೊಸ ರಸಿಕರಿಗೊಂದು ಕೈಪಿಡಿ

ಹಳೆಯ ಜಾವಾನೋ ಯೆಜ್ಡಿಯೋ ಕೈಗೆ ಬಂದ ಹೊಸಬರು ಮೊದಲು ಕೇಳುವ ಪ್ರಶ್ನೆ, ‘ಎಷ್ಟು ಸ್ಪೀಡ್ ಹೋಗುತ್ತೆ?’ ಬೇಕಾದಷ್ಟು ಹೋಗುತ್ತದೆ. ಆದರೆ ಈ ಗಾಡಿಯ ಸುಖ ಇರುವುದು ಗಂಟೆಗೆ ನಲವತ್ತು–ಐವತ್ತು ಕಿಲೋಮೀಟರಿನ ಆಸುಪಾಸಿನಲ್ಲಿ, ತಿರುವುಗಳಿರುವ ಹಳ್ಳಿ ರಸ್ತೆಯಲ್ಲಿ. ಆ ಸುಖ ಮೊದಲು ಸಿಗುವುದು ಕಿವಿಗೆ. ಇವತ್ತಿನ ಬೈಕಿನಲ್ಲಿ ಎಂಜಿನ್ ಹೇಗಿದೆ, ಏನು ಕೇಳುತ್ತಿದೆ ಎಂದು ಸವಾರ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಅದಕ್ಕೆಂದೇ ಒಳಗೊಂದು ಕಂಪ್ಯೂಟರ್ ಕೂತಿರುತ್ತದೆ. ಜಾವಾದಲ್ಲಿ ಆ ಕೆಲಸ ಪೂರ್ತಿ ನಿಮ್ಮದು. ಸದ್ದು ಕೇಳಿ ಎಂಜಿನ್ನಿನ ಮನಸ್ಸು ಅರಿಯಲು ಕಲಿತವರಿಗೆ ಅದು ಒಲಿಯುತ್ತದೆ.

ಇಂಗ್ಲೆಂಡಿನಲ್ಲಿ ಇದೇ ಸುಖಕ್ಕಾಗಿ ಹಳೆಯ ಎಂಜಿ, ಟ್ರಯಂಫ್ ಸ್ಪೋರ್ಟ್ಸ್ ಕಾರುಗಳನ್ನು ಜನ ಇಂದಿಗೂ ಜೋಪಾನ ಮಾಡುತ್ತಾರೆ. 1945ರಿಂದ 1949ರವರೆಗೆ ತಯಾರಾದ ಎಂಜಿ ಟಿಸಿಯ ಎಂಜಿನ್ 1250 ಸಿಸಿಯದು, ಶಕ್ತಿ ಐವತ್ತನಾಲ್ಕು ಅಶ್ವಶಕ್ತಿಯಷ್ಟು ಮಾತ್ರ. ಇಂದಿನ ಯಾವ ಸಾಧಾರಣ ಕಾರಾದರೂ ಅದನ್ನು ಹಿಂದೆ ಹಾಕುತ್ತದೆ. ಆದರೂ ನೆಲಕ್ಕೆ ತಾಗಿದಂತೆ ಕೂತು, ಮುಖಕ್ಕೆ ಗಾಳಿ ಒಡ್ಡಿಕೊಂಡು, ಬೇಲಿಗಳ ನಡುವಿನ ಕಿರುದಾರಿಯಲ್ಲಿ ಹೋಗುವಾಗ ಅದರಷ್ಟು ಜೀವಂತ ಗಾಡಿ ಇನ್ನೊಂದಿಲ್ಲ ಎನ್ನುತ್ತಾರೆ ಬಲ್ಲವರು. ನಮ್ಮ ಕಡೆ ಟ್ರಯಂಫ್ ಕಾರುಗಳ ದೂರದ ನೆಂಟ ಒಂದಿತ್ತು: 1961ರಿಂದ ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್. ಅದರ ಮೂಲವಾದ ಟ್ರಯಂಫ್ ಹೆರಾಲ್ಡಿನ ಚಾಸಿಯನ್ನೇ ಗಿಡ್ಡ ಮಾಡಿ ಟ್ರಯಂಫ್ ಕಂಪನಿ 1962ರಲ್ಲಿ ಸ್ಪಿಟ್‌ಫೈರ್ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಕಟ್ಟಿತು. ಅಂಥ ಕಾರುಗಳು ನಮ್ಮಲ್ಲಿ ಬೆರಳೆಣಿಕೆಯ ಸಂಗ್ರಾಹಕರ ಸ್ವತ್ತು. ಸಾಮಾನ್ಯ ಸಂಬಳದಾರನಿಗೆ ಆ ಸುಖ ಎಟುಕಿದ್ದು ಮೈಸೂರಿನಿಂದ, ಎರಡು ಚಕ್ರದ ಮೇಲೆ.

ರುಸ್ತುಂ ಇರಾನಿ ಮತ್ತು ಫರೂಕ್ ಇರಾನಿ ಅವರು ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯಿಂದ ಲೈಸೆನ್ಸ್ ಪಡೆದು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿಸಿದರು. ಉದ್ಘಾಟಿಸಿದವರು ಜಯಚಾಮರಾಜ ಒಡೆಯರ್. 1961ರಲ್ಲಿ ಗಾಡಿಗಳು ಹೊರಬರತೊಡಗಿದವು. ಎಪ್ಪತ್ತರ ದಶಕದಲ್ಲಿ ಟ್ಯಾಂಕಿನ ಮೇಲಿನ ಹೆಸರು ಯೆಜ್ಡಿ ಎಂದಾಯಿತು, 1978ರಲ್ಲಿ ರೋಡ್‌ಕಿಂಗ್ ಎಂಬ ಮಾದರಿ ಬಂತು. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಮತ್ತು ಯಮಹಾ ಆರ್‌ಎಕ್ಸ್ 100 ಇಳಿದ ಮೇಲೆ ಮೈಲೇಜ್ ನೋಡುವವರು ಒಂದು ಕಡೆ, ಚುರುಕು ನೋಡುವವರು ಇನ್ನೊಂದು ಕಡೆ ಹೋದರು. ಹೊಗೆಯ ನಿಯಮಗಳೂ ಬಿಗಿಯಾದವು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೊಸ ರೂಪದಲ್ಲಿ ಮರಳಿ ಬಂದಿವೆ. ಅವು ಚೆನ್ನಾಗಿವೆ, ಆದರೆ ಫೋರ್ ಸ್ಟ್ರೋಕ್ ಗಾಡಿಗಳು. ಇಲ್ಲಿ ಹೇಳುವ ಸಂಗತಿಗಳು ಅವಕ್ಕೆ ಹೊಂದುವುದಿಲ್ಲ.

ಓಡಿಸುವ ಮೊದಲು ಗಾಡಿಯ ಸುತ್ತ ಒಮ್ಮೆ ಬನ್ನಿ. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಹೊಗೆ ಎರಡು ದಾರಿಯಲ್ಲಿ ಹೊರಬಿದ್ದು ಎಡಕ್ಕೊಂದು ಬಲಕ್ಕೊಂದು ಕೊಳವೆಯಲ್ಲಿ ಹಿಂದಕ್ಕೆ ಹೋಗುತ್ತದೆ. ಆ ಜೋಡಿ ಸದ್ದು ಹುಟ್ಟುವುದು ಹಾಗೆ. ಚೈನು ಪೂರ್ತಿ ತಗಡಿನ ಪೆಟ್ಟಿಗೆಯೊಳಗಿದೆ, ನಮ್ಮ ಮಣ್ಣು ರಸ್ತೆಗಳಿಗೆ ಅದಕ್ಕಿಂತ ಒಳ್ಳೆಯ ಏರ್ಪಾಡು ಬೇರೆ ಬೇಕಿಲ್ಲ. ಎಡಗಾಲಿನ ಬಳಿ ಇರುವ ಒಂದೇ ಲಿವರ್ ಗೇರಿಗೂ ಆಗುತ್ತದೆ, ಕಿಕ್ಕಿಗೂ ಆಗುತ್ತದೆ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಸ್ಟಾರ್ಟ್ ಆದ ಮೇಲೆ ಮುಂದಕ್ಕೆ ಇಳಿಸಿದರೆ ಗೇರ್. ಆ ಲಿವರ್ ಒತ್ತಿದಾಗ ಕ್ಲಚ್ ತಾನಾಗಿಯೇ ಬಿಡುವ ಏರ್ಪಾಡೂ ಉಂಟು, ಹಾಗಾಗಿ ಓಡುವಾಗ ಕೈ ಕ್ಲಚ್ ಹಿಡಿಯದೆ ಗೇರ್ ಬದಲಿಸಬಹುದು. ‘ಸೆಮಿ ಆಟೊಮ್ಯಾಟಿಕ್’ ಎನ್ನುವ ಈ ಏರ್ಪಾಡು ಮೈಸೂರಿನ ಗಾಡಿಯಲ್ಲಿ ಅಂದೇ ಇತ್ತು ಎನ್ನುವುದು ನನಗೆ ಹೆಮ್ಮೆಯ ವಿಷಯ.

ಎಣ್ಣೆಯ ವಿಚಾರ ಸರಿಯಾಗಿ ತಿಳಿದಿರಬೇಕು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಕ್ರ್ಯಾಂಕ್ ಇರುವ ಕೋಣೆಯ ಮೂಲಕವೇ ಸಿಲಿಂಡರಿಗೆ ಹೋಗುತ್ತದೆ, ಆದ್ದರಿಂದ ಅಲ್ಲಿ ಬೇರೆ ಎಣ್ಣೆ ನಿಲ್ಲಿಸಿಡಲು ಬರುವುದಿಲ್ಲ. ಪೆಟ್ರೋಲಿನಲ್ಲೇ ಬೆರೆಸಿ ಕಳಿಸಬೇಕು. ಲೀಟರಿಗೆ 30ರಿಂದ 40 ಮಿಲಿ ಟೂಟಿ (ಟೂ ಸ್ಟ್ರೋಕ್) ಎಣ್ಣೆ ಸಾಮಾನ್ಯ ಲೆಕ್ಕ. ಬಂಕಿನಲ್ಲಿ ಮೊದಲು ಎಣ್ಣೆ, ಆಮೇಲೆ ಪೆಟ್ರೋಲ್ ಹಾಕಿಸಿ. ಬೀಳುವ ರಭಸಕ್ಕೆ ತಾನೇ ಬೆರೆಯುತ್ತದೆ. ರಾತ್ರಿಯೆಲ್ಲ ನಿಂತ ಗಾಡಿಯನ್ನು ಬೆಳಿಗ್ಗೆ ಎರಡು ಸಲ ಪಕ್ಕಕ್ಕೆ ಓಲಾಡಿಸಿ. ಇವತ್ತಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ ಹಳೆಯ ರಬ್ಬರ್ ಸೀಲುಗಳು, ಪೈಪುಗಳು ಬೇಗ ಹಾಳಾಗುತ್ತವೆ, ಗಾಳಿಯ ತೇವವನ್ನೂ ಅದು ಹೀರುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕು, ಕಾರ್ಬುರೇಟರ್ ಎರಡನ್ನೂ ಖಾಲಿ ಮಾಡಿಡಬೇಕು.

ಸ್ಟಾರ್ಟ್ ಮಾಡುವುದರಲ್ಲೂ ಒಂದು ಕ್ರಮವಿದೆ. ಪೆಟ್ರೋಲ್ ಕಾಕ್ ತಿರುಗಿಸಿ. ಹಳೆಯ ಜಿಕಾವ್ ಕಾರ್ಬುರೇಟರ್ ಇದ್ದರೆ ಅದರ ಮೇಲಿನ ಟಿಕ್ಲರ್ ಎಂಬ ಸಣ್ಣ ಗುಂಡಿ ಒತ್ತಿ, ಬೆರಳಿಗೆ ಪೆಟ್ರೋಲ್ ತಾಕಿದ ಕೂಡಲೇ ಬಿಟ್ಟುಬಿಡಿ. ಕೀ ಹಾಕದೆ ನಿಧಾನವಾಗಿ ಒಂದೆರಡು ಸಲ ಕಿಕ್ಕರ್ ಒತ್ತಿದರೆ ಮಿಶ್ರಣ ಒಳಗೆ ಎಳೆದುಕೊಳ್ಳುತ್ತದೆ. ಆಮೇಲೆ ಕೀ ಹಾಕಿ, ಪೂರ್ತಿ ಒಂದೇ ಒತ್ತು. ಕಾಲಿನ ಭಾರ ಸಾಕು, ಒದೆಯುವುದು ಬೇಡ. ಬೆಳಗಿನ ಐದೂವರೆಗೆ ನಮ್ಮ ಉಪನಗರದ ಅಡ್ಡರಸ್ತೆಯಲ್ಲಿ ಈ ಸದ್ದು ಎದುರು ಮನೆಯ ಮಲಗುವ ಕೋಣೆಗೂ ಹೋಗುತ್ತದೆ, ಆದ್ದರಿಂದ ಗಾಡಿಯನ್ನು ಮುಖ್ಯ ರಸ್ತೆಯವರೆಗೆ ತಳ್ಳಿಕೊಂಡು ಹೋಗಿ ಅಲ್ಲಿ ಸ್ಟಾರ್ಟ್ ಮಾಡಿ. ರಸಿಕತೆಗೆ ಅಕ್ಕಪಕ್ಕದವರ ನಿದ್ದೆಯ ಮೇಲೂ ಗೌರವ ಇರಬೇಕು.

ಈಗ ಕೇಳಿಸಿಕೊಳ್ಳಿ. ನಿಂತಲ್ಲೇ ಓಡುವ ಜಾವಾದ ಸದ್ದು ಸಮವಾಗಿರುವುದಿಲ್ಲ. ಡುಬ್… ಡುಬ್‌ಡುಬ್… ಡುಬ್ ಎಂದು ನಡುನಡುವೆ ತಪ್ಪುತ್ತಿರುತ್ತದೆ. ಎಂಜಿನ್ ಕೆಟ್ಟಿದೆ ಎಂದು ಹೊಸಬರು ಗಾಬರಿಯಾಗುತ್ತಾರೆ. ಕೆಟ್ಟಿಲ್ಲ. ಕಡಿಮೆ ಆಕ್ಸಿಲರೇಟರಿನಲ್ಲಿ ಸುಟ್ಟ ಹೊಗೆ ಸಿಲಿಂಡರಿನಿಂದ ಪೂರ್ತಿ ಹೊರಗೆ ಹೋಗುವುದಿಲ್ಲ, ಅದರ ನಡುವೆ ಹೊಸ ಮಿಶ್ರಣಕ್ಕೆ ಕಿಡಿ ಹತ್ತುವುದಿಲ್ಲ. ಒಂದು ಸುತ್ತು ಖಾಲಿ ಹೋಗಿ ಮುಂದಿನ ಸುತ್ತಿಗೆ ಹತ್ತಿಕೊಳ್ಳುತ್ತದೆ. ಕಛೇರಿ ಶುರುವಾಗುವ ಮೊದಲು ಮೃದಂಗದವರು ಶ್ರುತಿ ಮಾಡಿಕೊಳ್ಳುವಾಗ ಕೇಳುವ ಬಿಡಿ ಹೊಡೆತಗಳ ಹಾಗೆ ಇದು. ಆಕ್ಸಿಲರೇಟರ್ ಸ್ವಲ್ಪ ತಿರುಗಿಸಿ, ಹೊಗೆ ಸರಾಗವಾಗಿ ಹೊರಟು ಪ್ರತಿ ಸುತ್ತಿಗೂ ಬೆಂಕಿ ಹತ್ತತೊಡಗುತ್ತದೆ, ಬಿಡಿ ಹೊಡೆತಗಳೆಲ್ಲ ಕೂಡಿ ಒಂದೇ ನಾದವಾಗುತ್ತದೆ. ತಪ್ಪುವ ಸದ್ದು ಕೂಡುವ ಸದ್ದಾಗುವ ಆ ಗಳಿಗೆಯೇ ಈ ಗಾಡಿಯ ಪ್ರಾಣ. ಮೂರನೇ ಗೇರಿನಲ್ಲಿ, ಸಣ್ಣ ಏರಿನಲ್ಲಿ, ಬಲಗೈಯನ್ನು ಒಂದು ಕೂದಲೆಳೆಯಷ್ಟು ಆ ಕಡೆ ಈ ಕಡೆ ಆಡಿಸುತ್ತ ಆ ಗಡಿಯನ್ನು ಹುಡುಕಿ. ಅದು ಕೈಗೆ ಸಿಕ್ಕ ದಿನ ನೀವು ರಸಿಕರ ಸಾಲಿಗೆ ಸೇರಿದಿರಿ ಎಂದೇ ನನ್ನ ಅಭಿಪ್ರಾಯ.

ಕಿವಿಗೆ ಇನ್ನೂ ಕೆಲವು ಪಾಠಗಳಿವೆ. ಏರಿನಲ್ಲಿ ದೊಡ್ಡ ಗೇರಿನಲ್ಲೇ ಎಳೆಸಿದರೆ ‘ಟಿಣ್ ಟಿಣ್’ ಎಂಬ ಸಣ್ಣ ಲೋಹದ ಸದ್ದು ಬರುತ್ತದೆ. ಕೂಡಲೇ ಒಂದು ಗೇರ್ ಇಳಿಸಿ. ಎಂಜಿನ್ ಬಿಸಿಯಾಗಿ ಸದ್ದು ಇದ್ದಕ್ಕಿದ್ದಂತೆ ಗಡುಸಾಗಿ, ಗಾಡಿ ಯಾರೋ ಹಿಂದಿನಿಂದ ಹಿಡಿದಂತೆ ಎಳೆದರೆ ಪಿಸ್ಟನ್ ಹಿಡಿಯಲು ಹೊರಟಿದೆ ಎಂದರ್ಥ, ತಕ್ಷಣ ಕ್ಲಚ್ ಒತ್ತಿ ಪಕ್ಕಕ್ಕೆ ನಿಲ್ಲಿಸಬೇಕು. ಅದಕ್ಕಾಗಿಯೇ ಹಳಬರ ಎಡಗೈಯ ಎರಡು ಬೆರಳು ಸದಾ ಕ್ಲಚ್ಚಿನ ಮೇಲಿರುತ್ತವೆ. ಕೈ ಕ್ಲಚ್ ಇಲ್ಲದೆ ಗೇರ್ ಬದಲಿಸಬಹುದಾದರೂ ಈ ಅಭ್ಯಾಸ ಬಿಡಬೇಡಿ.

ಇನ್ನು ರಸ್ತೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಜಾವಾದವರಿಗೆ ಅದರಿಂದ ಯಾವ ನಷ್ಟವೂ ಇಲ್ಲ, ನೇರ ರಸ್ತೆಯಲ್ಲಿ ಈ ಗಾಡಿಗೆ ಹೇಳುವುದೇನೂ ಇರುವುದಿಲ್ಲ. ಕೆಂಗೇರಿ ಉಪನಗರದಿಂದ ಕೊಮ್ಮಘಟ್ಟ, ಸೂಲಿಕೆರೆ ಕಡೆಯಿಂದ ರಾಮೋಹಳ್ಳಿಗೆ ಹೋಗಿ. ಲೇಔಟುಗಳು ಮುಗಿದು ತೋಟಗಳು ಶುರುವಾಗುವ ಹೊತ್ತಿಗೆ ಎಂಜಿನ್ನೂ ಹದವಾಗಿ ಬಿಸಿಯಾಗಿರುತ್ತದೆ. ಅಲ್ಲಿಯವರೆಗೆ ಕೈ ಬಿಗಿ ಹಿಡಿದಿರಬೇಕು. ಕೇತೋಹಳ್ಳಿಯ ದೊಡ್ಡ ಆಲದ ಮರ ಸುಮಾರು ಮೂರು ಎಕರೆ ಹರಡಿದೆ. ಮೂಲ ಕಾಂಡ ರೋಗದಿಂದ ಸತ್ತುಹೋಗಿ, ಈಗ ಬಿಳಲುಗಳೇ ಮರವನ್ನು ಹೊತ್ತು ನಿಂತಿವೆ. ಅದನ್ನು ದಾಟಿದ ಮೇಲೆ ಮಂಚನಬೆಲೆಯ ಕಡೆಗಿನ ರಸ್ತೆ ಗುಡ್ಡಗಳ ನಡುವೆ ಏರಿಳಿಯುತ್ತ ತಿರುಗುತ್ತದೆ. ನೀವು ಬಂದಿದ್ದು ಇದಕ್ಕೇ.

ತಿರುವಿಗೆ ಮುಂಚೆಯೇ ವೇಗ ಇಳಿಸಿ, ಗೇರ್ ಇಳಿಸಿ. ಈ ಗಾಡಿಯ ಡ್ರಮ್ ಬ್ರೇಕುಗಳು ನಂಬಿಗಸ್ತವಾದರೂ ನಿಧಾನಿಗಳು, ತಿರುವಿನ ನಡುವೆ ಅವುಗಳ ಮೇಲೆ ಭಾರ ಹಾಕಬಾರದು. ಒಳಗೆ ಹೋದ ಮೇಲೆ ಆಕ್ಸಿಲರೇಟರ್ ಸ್ವಲ್ಪವೇ ತೆರೆದಿಟ್ಟರೆ ಗಾಡಿ ತಾನೇ ಕೂತು ತಿರುಗುತ್ತದೆ, ಹೊರಬರುವಾಗ ಆ ಕೂಡುವ ಸದ್ದು ಬಂಡೆಗೆ ತಾಕಿ ನಿಮ್ಮ ಕಿವಿಗೇ ವಾಪಸ್ ಬರುತ್ತದೆ. ಇಳಿಜಾರಿನಲ್ಲಿ ಮಾತ್ರ ಎಚ್ಚರ. ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಉದ್ದಕ್ಕೂ ಇಳಿದರೆ ಪೆಟ್ರೋಲಿನೊಂದಿಗೆ ಎಣ್ಣೆಯೂ ನಿಂತುಹೋಗುತ್ತದೆ, ಪಿಸ್ಟನ್ ಒಣಗಿ ಉಜ್ಜುತ್ತದೆ. ಇಳಿಯುವಾಗ ನಡುನಡುವೆ ಒಂದೊಂದು ಸಲ ತೆರೆದು ಮುಚ್ಚುತ್ತಿರಿ. ಟೂ ಸ್ಟ್ರೋಕ್ ಎಂಜಿನ್ ಗಾಡಿಯನ್ನು ಹಿಡಿದು ನಿಲ್ಲಿಸುವುದೂ ಕಡಿಮೆ, ಆದ್ದರಿಂದ ಇಳಿಜಾರಿನಲ್ಲಿ ಎರಡೂ ಬ್ರೇಕನ್ನು ಹದವಾಗಿ ಬಳಸಬೇಕು.

ಮಂಚನಬೆಲೆಯಲ್ಲಿ ಅರ್ಕಾವತಿಗೆ ಕಟ್ಟಿದ ಅಣೆಕಟ್ಟೆ ಇದೆ. ದೂರದಿಂದಲೇ ನೋಡಿ, ನೀರಿಗೆ ಇಳಿಯಬೇಡಿ, ಅಲ್ಲಿ ಮುಳುಗಿದವರು ಹಲವರಿದ್ದಾರೆ. ಇನ್ನೂ ಹೋಗುವ ಮನಸ್ಸಿದ್ದರೆ ಸಾವನದುರ್ಗದ ಬುಡದವರೆಗೆ, ಅಲ್ಲಿಂದ ಮಾಗಡಿಗೆ. ದೀಪಾವಳಿಯಿಂದ ಶಿವರಾತ್ರಿಯವರೆಗಿನ ಮುಂಜಾವು ಇದಕ್ಕೆ ಹೇಳಿ ಮಾಡಿಸಿದ ಕಾಲ. ತಣ್ಣನೆಯ ಗಾಳಿ ಸಾಂದ್ರವಾಗಿರುವುದರಿಂದ ಎಂಜಿನ್ನಿಗೆ ಉಸಿರು ಚೆನ್ನಾಗಿ ಸಿಗುತ್ತದೆ, ಸದ್ದು ಗರಿಗರಿಯಾಗುತ್ತದೆ. ಕಾರಿನಲ್ಲಿ ಗಾಜು ಏರಿಸಿಕೊಂಡು ಹೋಗುವವರಿಗೆ ಸಿಗದ ಒಂದು ಸಂಪತ್ತು ಈ ದಿನಗಳಲ್ಲಿ ನಿಮ್ಮ ಮೂಗಿಗಿದೆ: ಕೊಯ್ದ ರಾಗಿಯ ಹುಲ್ಲಿನ ವಾಸನೆ, ಮಾಗಡಿ ಸೀಮೆಯ ಅವರೆಯ ಸೊಗಡು, ಹಿಪ್ಪುನೇರಳೆ ತೋಟಕ್ಕೆ ಆಗತಾನೆ ಹಾಯಿಸಿದ ನೀರಿನಿಂದ ಏಳುವ ಮಣ್ಣಿನ ಘಮ. ಊರೊಳಗೆ ಹೋಗುವಾಗ ನಡಿಗೆಯ ವೇಗಕ್ಕೆ ಬನ್ನಿ. ಜಾವಾ ನಿಧಾನಕ್ಕೆ ಬಂದರೆ ಜಗಲಿಯ ಮೇಲಿನ ಹಿರಿಯರು ತಲೆ ಎತ್ತುತ್ತಾರೆ, ‘ಎಷ್ಟನೇ ಇಸವಿದಪ್ಪಾ ಇದು?’ ಎಂದು ಕೇಳುತ್ತಾರೆ. ನಿಂತು ಉತ್ತರ ಕೊಡಿ. ಅವರಲ್ಲಿ ಅನೇಕರು ಇದೇ ಗಾಡಿಯ ಮೇಲೆ ಹಾಲಿನ ಕ್ಯಾನು ಸಾಗಿಸಿದವರು, ಮದುವೆ ಹೆಣ್ಣು ನೋಡಲು ಹೋದವರು. ಕಾರ್ಬುರೇಟರಿನ ವಿಷಯದಲ್ಲಿ ಅವರಿಂದ ಕಲಿಯುವುದು ಬೇಕಾದಷ್ಟಿದೆ.

ಗಾಡಿ ಕೊಳ್ಳುವವರಿಗೆ ಎರಡು ಮಾತು. ಹೊಳೆಯುವ ಬಣ್ಣ ನೋಡಿ ಮರುಳಾಗಬೇಡಿ, ಆರ್‌ಸಿಯಲ್ಲಿರುವ ಎಂಜಿನ್ ಮತ್ತು ಚಾಸಿ ನಂಬರುಗಳನ್ನು ಗಾಡಿಯ ಮೇಲೆ ಕಣ್ಣಾರೆ ಓದಿ. ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗಳಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಸಿಗುತ್ತದೆ, ಆದರೆ ಆ ನೋಂದಣಿಯ ಗಾಡಿಯನ್ನು ದಿನನಿತ್ಯ ರಸ್ತೆಗೆ ತರುವಂತಿಲ್ಲ. ಓಡಿಸುವ ಆಸೆ ಇದ್ದವರು ಮಾಮೂಲಿ ಆರ್‌ಸಿಯನ್ನೇ ಕಾಲಕಾಲಕ್ಕೆ ನವೀಕರಿಸಿಕೊಳ್ಳುವುದು ಒಳ್ಳೆಯದು. ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆಯಿದೆ. ಗಾಡಿಯಿಲ್ಲದೆ ಬರೀ ಕಿವಿ ಪಳಗಿಸಿಕೊಳ್ಳಬೇಕೆಂದರೆ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ–ಯೆಜ್ಡಿ ದಿನಕ್ಕೆ ಹೋಗಿ. ಅಲ್ಲಿ ಒಂದೇ ಮಾದರಿಯ ಎರಡು ಗಾಡಿಗಳ ಪಕ್ಕ ನಿಂತು ಕೇಳಿದರೆ ಅವುಗಳ ಸದ್ದು ಬೇರೆಬೇರೆ ಎನ್ನುವುದು ನಿಮಗೇ ತಿಳಿಯುತ್ತದೆ.

ಸವಾರಿ ಮುಗಿಸಿ ಬರುವಾಗ, ಮನೆ ಇನ್ನೊಂದು ಫರ್ಲಾಂಗು ಇರುವಾಗ ಪೆಟ್ರೋಲ್ ಕಾಕ್ ಮುಚ್ಚಿಬಿಡಿ, ಕಾರ್ಬುರೇಟರಿನಲ್ಲಿ ಉಳಿದದ್ದು ಉರಿದುಹೋಗಲಿ. ಎಂಜಿನ್ ಆರಿದ ಮೇಲೆ ಪ್ಲಗ್ ಬಿಚ್ಚಿ ನೋಡಿ. ತುದಿ ಬಿಸ್ಕತ್ತಿನ ಬಣ್ಣಕ್ಕಿದ್ದರೆ ಎಲ್ಲವೂ ಸರಿ. ಕಪ್ಪಗೆ ಜಿಡ್ಡಾಗಿದ್ದರೆ ಎಣ್ಣೆ ಹೆಚ್ಚಾಗಿದೆ, ಇಲ್ಲವೇ ನೀವು ಇಡೀ ದಿನ ಹೆದರಿ ಆಕ್ಸಿಲರೇಟರ್ ತೆರೆದೇ ಇಲ್ಲ. ಬೆಳ್ಳಗೆ ಸುಟ್ಟಂತಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಮುಂದಿನ ಸವಾರಿಗೆ ಮೊದಲು ಮೆಕ್ಯಾನಿಕ್ ಹತ್ತಿರ ಹೋಗಿ ಜೆಟ್ ತೋರಿಸಿ.